ಅಕ್ಷರಕ್ಕೂ ಅಪ್ಪಣೆ ಬೇಕಾ ಮಾಷ್ಟ್ರೇ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹಿರಿಯ ಓದುಗರೊಬ್ಬರು, ನಿವೃತ್ತ ಅಧ್ಯಾಪಕರು, ಕಳೆದ ಸಂಚಿಕೆ ಓದಿ ಸಿಟ್ಟಿನಿಂದ ಬರೆದಿದ್ದಾರೆ. ಪತ್ರದ ಸಾರ ಇಷ್ಟು: "ಜಾವಾ ಎಂಬ ಕಂಪ್ಯೂಟರ್ ಭಾಷೆ ಮುಕ್ತವಾದ ಕಥೆಗೆ ಗಡಿನಾಡಿನ ಪತ್ರಿಕೆಯಲ್ಲಿ ಅಷ್ಟು ಪುಟ ಯಾಕೆ? ನಮ್ಮ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರು ಬರುತ್ತಿದ್ದಾರೆ, ಅದನ್ನು ಬರೆಯಿರಿ. ಆ ಕಂಪೆನಿ ಧರ್ಮಕ್ಕೆ ಕೊಟ್ಟದ್ದೇನೂ ಅಲ್ಲ, ವ್ಯಾಪಾರ ಕುಸಿದಾಗ ಕೊಟ್ಟಿತು. ಮೊದಲೂ ಪುಕ್ಕಟೆ ಸಿಗುತ್ತಿತ್ತು, ಆಮೇಲೂ ಪುಕ್ಕಟೆ. ಅದನ್ನು ಕೊಂಡುಕೊಂಡ ಇನ್ನೊಂದು ಕಂಪೆನಿ ಮತ್ತೆ ದುಡ್ಡು ಕೇಳಲು ಶುರು ಮಾಡಿತು. ಇದರಲ್ಲಿ ನಮಗೇನು ಬಂತು?"

ಮಾಷ್ಟ್ರೇ, ಮೊದಲು ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಹೇಳಿಬಿಡುತ್ತೇನೆ. ಜಾವಾ ಮಾಡಿದ ಸನ್ ಮೈಕ್ರೋಸಿಸ್ಟಮ್ಸ್ ವ್ಯಾಪಾರದ ಕಂಪೆನಿ, ಮಠ ಅಲ್ಲ. ಮೈಕ್ರೋಸಾಫ್ಟಿನ ಡಾಟ್‌ನೆಟ್ ಎಂಬ ಅಂಥದ್ದೇ ವ್ಯವಸ್ಥೆ ಪೈಪೋಟಿಗೆ ನಿಂತಿತ್ತು, ಅದರ ಲೆಕ್ಕಾಚಾರ ಅದಕ್ಕಿತ್ತು. ಒಪ್ಪಿದೆ.

ಆದರೆ "ಮೊದಲೂ ಪುಕ್ಕಟೆ, ಆಮೇಲೂ ಪುಕ್ಕಟೆ" ಅಂದಿರಲ್ಲ, ಅಲ್ಲೇ ನೀವು ಎಡವಿದ್ದೀರಿ. ನಲ್ವತ್ತು ಮಕ್ಕಳ ಉತ್ತರ ಪತ್ರಿಕೆ ತಿದ್ದಿ ಅಭ್ಯಾಸ ಇರುವವರು ಇದನ್ನು ಹೇಗೆ ಬಿಟ್ಟಿರಿ? ದುಡ್ಡಿನ ಮಾತು ಅಲ್ಲವೇ ಅಲ್ಲ ಇದು. 1995ರಲ್ಲಿ ಬಂದಾಗಿನಿಂದ ಜಾವಾವನ್ನು ಯಾರು ಬೇಕಾದರೂ ಇಳಿಸಿಕೊಂಡು ಪ್ರೋಗ್ರಾಂ ಬರೆಯಬಹುದಿತ್ತು, ನಿಜ. ಒಳಗೆ ತಪ್ಪೊಂದು ಸಿಕ್ಕಿದರೆ? ತಿದ್ದಿ, ತಿದ್ದಿದ್ದನ್ನು ಪಕ್ಕದವರಿಗೆ ಕೊಡುವ ಹಾಗಿರಲಿಲ್ಲ. ಕಂಪೆನಿಗೆ ಬರೆಯಬೇಕು, ಅವರಿಗೆ ಮನಸ್ಸು ಬಂದಾಗ ಸರಿ ಮಾಡುತ್ತಾರೆ. ಸ್ವತಂತ್ರ ತಂತ್ರಾಂಶ, ಅಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ, ಅದರ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್ಮನ್ 2004ರಲ್ಲೇ ಎಚ್ಚರಿಸಿದ್ದರು: ನೀವು ಬರೆದ ಪ್ರೋಗ್ರಾಂ ಎಷ್ಟೇ ಸ್ವತಂತ್ರವಾಗಿರಲಿ, ಅದು ಸನ್‌ನ ಜಾವಾ ಇಲ್ಲದೆ ಓಡುವುದಿಲ್ಲ ಅಂದರೆ ನೀವು ಬಲೆಗೆ ಬಿದ್ದ ಹಾಗೆ ಅಂತ. ಸ್ವತಂತ್ರ ತಂತ್ರಾಂಶಗಳನ್ನು ಒಟ್ಟುಮಾಡಿ ಹಂಚುವ ಡೆಬಿಯನ್‌ನವರು ತಮ್ಮ ಮುಖ್ಯ ಭಂಡಾರದೊಳಗೆ ಅದಕ್ಕೆ ಜಾಗ ಕೊಟ್ಟಿರಲಿಲ್ಲ.

2006ರ ನವೆಂಬರ್ 13ಕ್ಕೆ ಸನ್ ತನ್ನ ಜಾವಾವನ್ನು ಜಿಪಿಎಲ್ ಎಂಬ ಸ್ವತಂತ್ರ ತಂತ್ರಾಂಶದ ಲೈಸೆನ್ಸಿನ ಅಡಿಯಲ್ಲಿ ಬಿಡುವುದಾಗಿ ಘೋಷಿಸಿತು. ಮರುವರ್ಷ ಮೇ ತಿಂಗಳಲ್ಲಿ ಸೋರ್ಸ್ ಕೋಡಿನ, ಅಂದರೆ ಪ್ರೋಗ್ರಾಂ ಬರೆದವರ ಮೂಲ ಬರಹದ, ಬಹುಭಾಗ ಓಪನ್‌ಜೆಡಿಕೆ ಹೆಸರಲ್ಲಿ ಹೊರಗೆ ಬಂತು. ಶೇಕಡಾ 4ರಷ್ಟು ಕೋಡು ಮಾತ್ರ ಬರಲಿಲ್ಲ, ಯಾಕೆಂದರೆ ಅದು ಸನ್‌ನದ್ದೇ ಆಗಿರಲಿಲ್ಲ, ಬೇರೆಯವರಿಂದ ಲೈಸೆನ್ಸ್ ತೆಗೆದುಕೊಂಡದ್ದು. ಆ ಶೇಕಡಾ 4ರಲ್ಲಿ ಏನಿತ್ತು ಗೊತ್ತಾ? ಶಬ್ದಕ್ಕೆ ಸಂಬಂಧಿಸಿದ್ದು ಸ್ವಲ್ಪ, ಬಣ್ಣ ಹೊಂದಿಸುವ ಭಾಗ, ಗೆರೆ ಎಳೆಯುವ ಭಾಗ, ಮತ್ತೆ ಫಾಂಟನ್ನು ಪರದೆ ಮೇಲೆ ಮೂಡಿಸುವ ಭಾಗ. ಹೌದು, ಅಕ್ಷರ. ಇಡೀ ಮನೆಯ ಕೀಲಿಕೈ ಸಿಕ್ಕಿದ ಮೇಲೂ ಅಕ್ಷರದ ಕೋಣೆಗೆ ಮಾತ್ರ ಬೇರೆಯವರ ಬೀಗ. ಆಮೇಲೆ ಫ್ರೀಟೈಪ್ ಎಂಬ ಸ್ವತಂತ್ರ ತಂತ್ರಾಂಶ ಆ ಜಾಗಕ್ಕೆ ಬಂತು. ರೆಡ್ ಹ್ಯಾಟ್‌ನವರು ಶುರು ಮಾಡಿದ ಐಸ್ಡ್‌ಟೀ ಯೋಜನೆಯಲ್ಲಿ ಉಳಿದ ತೂತುಗಳನ್ನೂ ಮುಚ್ಚಿದರು, 2008ರ ಜೂನಿನಲ್ಲಿ ಪೂರ್ತಿ ಸ್ವತಂತ್ರವಾದ ಜಾವಾ ಅಧಿಕೃತ ಪರೀಕ್ಷೆಯಲ್ಲೂ ಪಾಸಾಯಿತು.

ಇನ್ನೊಂದು ಮಾತು. ಕಂಪೆನಿ ಕೊಟ್ಟಿತು ಅಂತ ಮಾತ್ರ ಹೇಳಿದರೆ ಅರ್ಧ ಕಥೆ. 1998ರಿಂದಲೇ ಗ್ನೂ ಕ್ಲಾಸ್‌ಪಾತ್‌ನವರು ಜಾವಾದ ಲೈಬ್ರರಿಗಳನ್ನು, ಅಂದರೆ ಸಿದ್ಧ ಕೋಡಿನ ಸಂಗ್ರಹಗಳನ್ನು, ಹೊರಗಿನಿಂದಲೇ, ಮೊದಲಿಂದ, ಒಂದೊಂದಾಗಿ ಬರೆಯುತ್ತಾ ಬಂದಿದ್ದರು. 2005ರಲ್ಲಿ ಅದೇ ಕೆಲಸಕ್ಕೆ ಅಪಾಚೆಯವರ ಹಾರ್ಮನಿ ಬಂತು. ನೀವು ಬೀಗ ತೆಗೆಯದಿದ್ದರೆ ನಾವೇ ಇನ್ನೊಂದು ಕಟ್ಟುತ್ತೇವೆ ಅಂತ ಹಟ ಹಿಡಿದವರು ಅವರೆಲ್ಲ. ಆ ಹಟಕ್ಕೆ ನಾನು ಈಗಲೂ ಕೈಮುಗಿಯುತ್ತೇನೆ.

ಈಗ ನಮ್ಮ ಊರಿಗೆ ಬರುತ್ತೇನೆ. ಈ ಪತ್ರಿಕೆ ಮೊದಲು ಮೊಳೆ ಜೋಡಿಸಿ ಅಚ್ಚಾಗುತ್ತಿತ್ತು. ಒತ್ತಕ್ಷರದ ಮೊಳೆ ಸವೆದುಹೋದರೆ ಕಂಪೋಸಿಟರು ಇನ್ನೊಂದನ್ನು ಅರದಿಂದ ಉಜ್ಜಿ ಕೂರಿಸುತ್ತಿದ್ದರು. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಯಾರನ್ನೂ ಕೇಳಬೇಕಾಗಿರಲಿಲ್ಲ, ಮೊಳೆ ಪ್ರೆಸ್ಸಿನದ್ದು. ಆಮೇಲೆ ಡಿಟಿಪಿ ಬಂತು. ದುಬಾರಿ ಕನ್ನಡ ತಂತ್ರಾಂಶವೊಂದನ್ನು ಸಾಲ ಮಾಡಿ ಕೊಂಡೆವು. ಅದರ ಜೊತೆಗೆ ಒಂದು ಡಾಂಗಲ್ ಕೊಟ್ಟಿದ್ದರು, ಹೆಬ್ಬೆರಳಿನಷ್ಟು ಗಾತ್ರದ ಪೆಟ್ಟಿಗೆ, ಕಂಪ್ಯೂಟರಿನ ಹಿಂದೆ ಪ್ರಿಂಟರ್ ಸಿಕ್ಕಿಸುವ ಜಾಗಕ್ಕೆ ಅದನ್ನು ತಿರುಪು ಹಾಕಿ ಕೂರಿಸಬೇಕು. ಅದಿದ್ದರೆ ಮಾತ್ರ ಕನ್ನಡ. ತೆಗೆದರೆ ಫೈಲು ತೆರೆಯುವುದೇ ಇಲ್ಲ. ಒಂದು ಮಳೆಗಾಲ ಸಿಡಿಲಿಗೆ ಡಾಂಗಲ್ ಸತ್ತಿತು. ಬರೆದೆವು, ಫೋನ್ ಮಾಡಿದೆವು. ಮಾರಿದವರು ಅಂಗಡಿ ಮುಚ್ಚಿದ್ದರು. ಹೊಸ ಕಂಪ್ಯೂಟರಿನಲ್ಲಿ ಆ ಪ್ರಿಂಟರ್ ಕಿಂಡಿಯೇ ಇಲ್ಲ. ನಮ್ಮ ಹಳೆ ಸಂಚಿಕೆಗಳು, ಮಾಷ್ಟ್ರೇ, ನಿಮ್ಮ ಎರಡು ಲೇಖನಗಳೂ ಸೇರಿ, ಒಂದಿಷ್ಟು ಸಿ.ಡಿ.ಗಳಲ್ಲಿ ಈಗಲೂ ಇವೆ. ಬೇರೆ ತಂತ್ರಾಂಶದಲ್ಲಿ ತೆರೆದರೆ ಅಕ್ಷರ ಅಲ್ಲ, ಇಂಗ್ಲಿಷ್ ಚಿಹ್ನೆಗಳ ಕಸ. ಕಾಗದದ ಪ್ರತಿ ನೋಡಿ ಮತ್ತೆ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದೇವೆ. ಹಣ ಕೊಟ್ಟು ತಂದದ್ದು, ಬರೆದದ್ದು ನಾವು, ಭಾಷೆ ನಮ್ಮದು. ಆದರೂ ಓದಲು ಇನ್ನೊಬ್ಬರ ಅಪ್ಪಣೆ.

ಇದನ್ನು ಅನುಭವಿಸಿದವನಿಗೆ ಸೋರ್ಸ್ ಕೋಡ್ ಅಂದರೆ ಕಂಪ್ಯೂಟರ್ ಪಂಡಿತರ ಚರ್ಚೆ ಅಂತ ಅನಿಸುವುದಿಲ್ಲ.

ಮತ್ತೆ ಬಂದ ಕಂಪೆನಿ ದುಡ್ಡು ಕೇಳಿತು ಅಂದಿದ್ದೀರಿ. ಸರಿಯಾಗಿ ನೋಡಿ. 2010ರಲ್ಲಿ ಒರಾಕಲ್ ಸನ್ ಅನ್ನು ಕೊಂಡಿತು. ಅದೇ ವರ್ಷ ಆಂಡ್ರಾಯ್ಡ್‌ನಲ್ಲಿ ಜಾವಾದ ಎಪಿಐ, ಅಂದರೆ ಪ್ರೋಗ್ರಾಮುಗಳು ಜಾವಾದ ಸಿದ್ಧ ಕೋಡನ್ನು ಕರೆಯುವ ಹೆಸರು-ವಿಧಾನಗಳನ್ನು, ಬಳಸಿದ್ದಕ್ಕೆ ಗೂಗಲ್ ಮೇಲೆ ಕೇಸು ಹಾಕಿತು, ಅದು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ 2021ರಲ್ಲಿ 6-2ರ ತೀರ್ಪಿನಿಂದ ಗೂಗಲ್ ಪರವಾಗಿ ಮುಗಿಯಿತು. 2019ರ ಏಪ್ರಿಲಿನಿಂದ ಒರಾಕಲ್ ತನ್ನ ಜೆಡಿಕೆ ಎಂಬ ಜಾವಾ ಕಟ್ಟಿನ ಅಪ್‌ಡೇಟುಗಳನ್ನು ವ್ಯಾಪಾರಕ್ಕೆ ಬಳಸುವವರು ಚಂದಾ ಕಟ್ಟಬೇಕು ಅಂದಿತು, 2023ರಲ್ಲಿ ಕಂಪೆನಿಯ ಒಟ್ಟು ನೌಕರರ ಲೆಕ್ಕದಲ್ಲಿ ಬೆಲೆ ಇಟ್ಟಿತು. ಎಲ್ಲ ನಿಜ. ಆದರೆ ಏನಾಯಿತು? ಅದೇ ಓಪನ್‌ಜೆಡಿಕೆ ಕೋಡಿನಿಂದ ಅಮೆಜಾನ್ ಕೊರೆಟ್ಟೊ ಅಂತ ಒಂದು ಕೊಟ್ಟಿತು. ಎಕ್ಲಿಪ್ಸ್‌ನವರು ಟೆಮುರಿನ್ ಅಂತ ಒಂದು. ರೆಡ್ ಹ್ಯಾಟ್‌ನದ್ದು ಇನ್ನೊಂದು. ದುಡ್ಡು ಕೊಡಲು ಇಷ್ಟ ಇಲ್ಲದವರು ಅತ್ತ ಹೋದರು. 2006ರಲ್ಲಿ ಆ ಬಾಗಿಲು ತೆರೆಯದೆ ಇದ್ದಿದ್ದರೆ ಎಲ್ಲಿಗೆ ಹೋಗುತ್ತಿದ್ದರು ಹೇಳಿ? ನಮ್ಮ ಡಾಂಗಲ್ ಸತ್ತಾಗ ನಾವು ನಿಂತ ಹಾಗೇ ನಿಲ್ಲುತ್ತಿದ್ದರು. ನೀವು ದೂರು ಅಂತ ಬರೆದದ್ದು ನನ್ನ ಪರವಾದ ಸಾಕ್ಷಿ, ಮಾಷ್ಟ್ರೇ.

ಇನ್ನು ಹೇಳುವುದು ನಮ್ಮವರಿಗೆ ಸ್ವಲ್ಪ ಕಹಿ ಆಗಬಹುದು. ಕೇರಳ ಸರಕಾರದ ಮೇಲೆ ನಮಗೆ ನೂರು ಸಿಟ್ಟು ಇದೆ, ಕನ್ನಡ ಬಾರದ ಅಧ್ಯಾಪಕರ ವಿಷಯದಲ್ಲಿ ನಾವು ಬರೆದಿದ್ದೇವೆ, ಇನ್ನೂ ಬರೆಯುತ್ತೇವೆ. ಆದರೆ ಈ ಒಂದು ಕೆಲಸವನ್ನು ಅವರು ಚಂದ ಮಾಡಿದ್ದಾರೆ. 2001ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಐಟಿ@ಸ್ಕೂಲ್ ಯೋಜನೆ ಶುರುವಾಯಿತು. ಮೊದಮೊದಲು ವಿಂಡೋಸ್ ಇದ್ದ ಲ್ಯಾಬುಗಳು, ಅಧ್ಯಾಪಕರೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರೂ ಬಿಡದೆ ಒತ್ತಾಯಿಸಿದ ಮೇಲೆ ಸ್ವತಂತ್ರವಾದ ಗ್ನೂ ಲಿನಕ್ಸ್‌ಗೆ ಬದಲಾದವು. ಈಗ ಅದನ್ನು ಕೈಟ್ ಎಂಬ ಸರಕಾರಿ ಸಂಸ್ಥೆ ನಡೆಸುತ್ತದೆ, ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆ ನಡೆಯುವುದು ಸ್ವತಂತ್ರ ತಂತ್ರಾಂಶದ ಮೇಲೆ. ಬಡವರ ಮಕ್ಕಳು ಓದುವ ಸರಕಾರಿ ಕನ್ನಡ ಶಾಲೆಯಲ್ಲೂ ಅದೇ. ಬದಿಯಡ್ಕದ ಕಡೆಯ ಒಂದು ಶಾಲೆಯ ಲ್ಯಾಬಿನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಜಿಯೋಜಿಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ತ್ರಿಕೋನ ಬರೆದು, ಒಂದು ಮೂಲೆಯನ್ನು ಮೌಸಿನಲ್ಲಿ ಹಿಡಿದು ಎಳೆಯುತ್ತಿದ್ದಳು. ಮೂರು ಕೋನಗಳ ಅಂಕೆ ಪಟಪಟ ಬದಲಾಗುತ್ತಿತ್ತು, ಕೆಳಗೆ ಮೊತ್ತ ಮಾತ್ರ 180ರಲ್ಲೇ ನಿಂತಿತ್ತು. "ಎಷ್ಟು ಎಳೆದರೂ ಅಷ್ಟೇ ಸರ್" ಅಂದಳು. ಆ ಜಿಯೋಜಿಬ್ರಾ ಜಾವಾದಲ್ಲಿ ಬರೆದದ್ದು. ಜಾವಾಕ್ಕೆ ಬೀಗ ಇದ್ದಿದ್ದರೆ ಆ ಲ್ಯಾಬಿನ ಅಷ್ಟೂ ಸ್ವಾತಂತ್ರ್ಯ ಮೇಲ್ಪದರದ್ದು ಮಾತ್ರ ಆಗಿರುತ್ತಿತ್ತು. ಜಾವಾ ನಮಗೇನು ಅಂತ ಕೇಳಿದಿರಿ. ಆ ಹುಡುಗಿ ನಮ್ಮವಳಲ್ವಾ?

ಮಲಯಾಳದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೋಯಿಕ್ಕೋಡಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಶುರುವಾದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ಫಾಂಟು ಮಾಡಿತು, ಕೂಡಕ್ಷರ ಸರಿಯಾಗಿ ಮೂಡದಾಗ ಅದನ್ನು ಮೂಡಿಸುವ ಕೋಡನ್ನೇ ತಿದ್ದಿತು. ಅಪ್ಪಣೆ ಬೇಡವಾಗಿತ್ತಲ್ಲ! ಇವತ್ತು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ನಮ್ಮ ಒತ್ತಕ್ಷರಗಳನ್ನು ಜೋಡಿಸುವುದು ಹಾರ್ಫ್‌ಬಜ್ ಎಂಬ ಸ್ವತಂತ್ರ ತಂತ್ರಾಂಶ. ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಹ್‌ಬೋದ್ ಅದನ್ನು ಬೆಳೆಸಿದವರಲ್ಲಿ ಮುಖ್ಯರು. 2017ರಲ್ಲಿ ಬಂದ ಜಾವಾ 9ರಿಂದ ಜಾವಾದ ಒಳಗೂ ಅದೇ. ನೋಡಿ, ಎಲ್ಲಿಯ ಇರಾನ್, ಎಲ್ಲಿಯ ಪೆರ್ಲ. ನಿಮ್ಮ ಮೊಬೈಲಿನಲ್ಲಿ "ಕಾಸರಗೋಡು ಸರ್ಕಾರಿ ಶಾಲೆ" ಅಂತ ಬರೆದಾಗ ಅರ್ಕಾವೊತ್ತು ತನ್ನ ಜಾಗದಲ್ಲಿ ಕೂರುತ್ತದೆ ಅಂದರೆ ಅದಕ್ಕೆ ಈ ಜನ ಕಾರಣ.

ಮತ್ತೆ ನಮ್ಮ ಬೆಂಗಳೂರು? ಹೇಳಲು ಬೇಜಾರಾಗುತ್ತದೆ. ಜಾವಾ ಬಲ್ಲವರು ಅಲ್ಲಿ ಗಲ್ಲಿಗೆ ನೂರು ಜನ ಸಿಗುತ್ತಾರೆ. ಜಗತ್ತಿನ ಬ್ಯಾಂಕುಗಳ ಕೋಡು ತಿದ್ದುತ್ತಾರೆ. ಕನ್ನಡದ ಫಾಂಟು, ಕನ್ನಡದ ಕಾಗುಣಿತ ಪರೀಕ್ಷಕ, ಅಚ್ಚಾದ ಪುಟದಿಂದ ಕನ್ನಡ ಅಕ್ಷರ ಗುರುತಿಸುವ ಓಸಿಆರ್ ಅಂದರೆ ಕೈಜೋಡಿಸುವವರು ಬೆರಳೆಣಿಕೆ ಮಂದಿ, ಅವರೇ ವರ್ಷಗಟ್ಟಲೆ ಸುಮ್ನೆ ದುಡಿಯುತ್ತಿದ್ದಾರೆ, ಅವರಿಗೆ ಒಂದು ಶಾಲು ಹೊದೆಸಿದವರಿಲ್ಲ. ರಾಜ್ಯೋತ್ಸವಕ್ಕೆ ಬ್ಯಾನರಿಗೆ ಖರ್ಚು ಮಾಡುವುದರಲ್ಲಿ ಒಂದು ಪಾಲು ಇಲ್ಲಿಗೆ ಬಂದರೆ ಸಾಕಿತ್ತು. ತೆರಿಗೆ ದುಡ್ಡಲ್ಲಿ ಮಾಡಿಸುವ ಪ್ರತಿಯೊಂದು ಕನ್ನಡ ತಂತ್ರಾಂಶದ ಸೋರ್ಸ್ ಕೋಡೂ ಜನರ ಕೈಗೆ ಬರಬೇಕು, ಅದಕ್ಕೆ ಕಾನೂನೇ ಆಗಬೇಕು ಅಂತ ನಾನು ಎಷ್ಟು ಸಭೆಗಳಲ್ಲಿ ಹೇಳಿದರೂ ಚಪ್ಪಾಳೆ ಬರುತ್ತದೆ, ಮುಂದೆ ಏನೂ ಆಗುವುದಿಲ್ಲ. ಲೇಖಕರೂ ಕಡಿಮೆ ಇಲ್ಲ. ಈಗಲೂ ಹಳೆ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯುನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರ ಎಲ್ಲೆಲ್ಲೋ ಹಾರಿ ಕೂರುತ್ತದೆ, ನಮ್ಮ ಕರಡು ತಿದ್ದುವವರಿಗೆ ಕಣ್ಣುನೋವು. ಕೇಳಿದರೆ "ಅಭ್ಯಾಸ ಆಗಿಬಿಟ್ಟಿದೆ" ಅನ್ನುತ್ತಾರೆ. ದಯವಿಟ್ಟು ಬಿಡಿ ಆ ಅಭ್ಯಾಸ.

ನಾವು ಗಡಿಯವರು, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ, ಅರ್ಜಿ ಬರೆಯುತ್ತಾ ಬಂದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು, ವರದಿ ಕಪಾಟಿನಲ್ಲಿ ಉಳಿಯಿತು. ಅಧ್ಯಾಪಕರಿಗೆ ಅರ್ಜಿ, ಕನ್ನಡ ಫಾರಂಗೆ ಅರ್ಜಿ, ಬಸ್ಸಿನ ಬೋರ್ಡಿಗೆ ಅರ್ಜಿ. ನಮ್ಮ ಸಂಖ್ಯೆ ಅಲ್ಲಿನವರಿಗೂ ಲೆಕ್ಕಕ್ಕಿಲ್ಲ, ಇಲ್ಲಿನವರಿಗೂ ಇಲ್ಲ. ದೊಡ್ಡ ಕಂಪೆನಿಗಂತೂ ಕೇಳುವುದೇ ಬೇಡ. ಅರ್ಜಿ ಹಾಕದೆ ನಾವೇ ಕೂತು ಸರಿ ಮಾಡಬಹುದಾದ ಜಾಗ ಒಂದಿದ್ದರೆ ಅದು ಈ ಸ್ವತಂತ್ರ ತಂತ್ರಾಂಶವೇ. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯುನಿಕೋಡಿಗೆ ಸೇರಿತು. ಇನ್ನು ಅದಕ್ಕೆ ಫಾಂಟು ಬೇಕು, ಕೀಲಿಮಣೆ ಬೇಕು, ಪ್ರೋಗ್ರಾಮುಗಳಲ್ಲಿ ಅದು ಓಡಬೇಕು. ಮಂಜೇಶ್ವರದ ಹುಡುಗರು ಮನಸ್ಸು ಮಾಡಿದರೆ ಇಲ್ಲಿಂದಲೇ ಮಾಡಬಹುದು. ತುಳುವಿಗೆ ಮಾರ್ಕೆಟ್ ಇಲ್ಲ ಅಂತ ಯಾವ ಮೆನೇಜರನೂ ಅವರನ್ನು ತಡೆಯಲಾರ.

ಪತ್ರದ ಕೊನೆಗೆ, ಮೊಮ್ಮಗ ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಅವನೂ ಜಾವಾ ಕಲಿಯುತ್ತಾನೆ ಅಂತ ಬರೆದಿದ್ದೀರಿ. ತುಂಬ ಸಂತೋಷ. ಅವನಿಗೆ ನನ್ನ ಕಡೆಯಿಂದ ಇಷ್ಟು ಹೇಳಿ. ಟೆಮುರಿನ್ ಇಳಿಸಿಕೊಂಡರೆ ಅದರ ಲಿಬ್ ಫೋಲ್ಡರಿನಲ್ಲಿ ಸೋರ್ಸ್ ಕೋಡಿನ ಒಂದು ಜಿಪ್ ಫೈಲು ಇರುತ್ತದೆ, ಅದನ್ನು ಬಿಚ್ಚಿ ಓದಲಿ, ಕಾಲೇಜಿನ ಗೈಡಿಗಿಂತ ಜಾಸ್ತಿ ಕಲಿಯುತ್ತಾನೆ. ಆಮೇಲೆ ಇವತ್ತಿನ ತಾರೀಕು, ವಾರ, ತಿಂಗಳನ್ನು ಕನ್ನಡದಲ್ಲಿ ತೋರಿಸುವ ಸಣ್ಣ ಪ್ರೋಗ್ರಾಂ ಬರೆಯಲಿ. ಜಾವಾಕ್ಕೆ ಆ ಕನ್ನಡ ಪದಗಳು ಬರುವುದು ಯುನಿಕೋಡಿನ ಸಿಎಲ್‌ಡಿಆರ್ ಭಂಡಾರದಿಂದ. ಅದರಲ್ಲಿ ಯಾವ ಪದವಾದರೂ ಸರಿ ಇಲ್ಲ ಅನಿಸಿದರೆ ನಿಮ್ಮ ಹತ್ತಿರ ತರಲಿ, ನೀವು ಕೆಂಪು ಶಾಯಿಯಲ್ಲಿ ತಿದ್ದಿಕೊಡಿ, ಅವನು ಅಲ್ಲಿಗೆ ಸಲ್ಲಿಸಲಿ. ಇಬ್ಬರೂ ಸೇರಿ ಅದರ ಬಗ್ಗೆ ನಮಗೊಂದು ಲೇಖನ ಬರೆಯಿರಿ, ಮುಂದಿನ ತಿಂಗಳ 20ರೊಳಗೆ ಕೈಸೇರಿದರೆ ಅದೇ ಸಂಚಿಕೆಯಲ್ಲಿ ಹಾಕುತ್ತೇನೆ. ಯುನಿಕೋಡಿನಲ್ಲೇ ಕಳಿಸಿ.

ಸಂಪಾದಕ