ಮನೆಯಲ್ಲೇ ಕಟ್ಟಿದ ಕ್ಯಾಂಪಿಂಗ್ ಟ್ರೇಲರಿಗೆ ಹೊರಗಿನಿಂದ ಏನು ಹೊದಿಸಬೇಕು?

ಶಿರಸಿಯವರು ನೀವು. 9 ಮಿ.ಮೀ. ಪ್ಲೈವುಡ್ ಪೆಟ್ಟಿಗೆ ತಯಾರಾಗಿದೆ, ಇನ್ನು ಮೇಲಿಂದ ಅಲ್ಯೂಮಿನಿಯಂ ಶೀಟೋ, ಎಸಿಪಿಯೋ (ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಹಲಗೆ), ಫೈಬರೋ (ಗಾಜಿನ ನೂಲಿನ ಹಾಸಿಗೆ ರೆಸಿನ್ ಅನ್ನುವ ಅಂಟುದ್ರವ ಹಚ್ಚಿ ಗಟ್ಟಿ ಮಾಡುವುದು) ಅಂತ ಕೇಳಿದ್ದೀರಿ. ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ, ನಕ್ಕಿದ್ದು ನನ್ನನ್ನೇ ನೆನೆಸಿಕೊಂಡು. ಐದು ವರ್ಷದ ಹಿಂದೆ ಕಾರವಾರದಲ್ಲಿ ನಮ್ಮ ಮನೆಯಂಗಳದಲ್ಲೂ ಇಂಥದೇ ಪೆಟ್ಟಿಗೆ ನಿಂತಿತ್ತು. ಆಯಿ ಹೊರಗೆ ಬಂದು ನೋಡಿ, "ಗೂಡಂಗಡಿ ಇಡ್ತಿಯನೋ?" ಅಂತ ಕೇಳಿದ್ದಳು.

ನಾನು ಅಲ್ಯೂಮಿನಿಯಂ ಹಾಕಿದೆ. 1 ಮಿ.ಮೀ. ದಪ್ಪದ್ದು. 8 ಅಡಿಗೆ 4 ಅಡಿಯ ಒಂದು ಶೀಟು ಸುಮಾರು 8 ಕೆಜಿ, ಅಷ್ಟೇ. ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ, ನೋಡೋಕೂ ಚಂದ. ಶೀಟಿನ ಲೆಕ್ಕ ಎಲ್ಲ ಸರಿಯೇ ಇತ್ತು. ಹಾಳಾಗಿದ್ದು ಸ್ಕ್ರೂವಿನಿಂದ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಜಿಪ್ಸಂ ಸೀಲಿಂಗಿಗೆ ಹೊಡೆಯುವ ಕಪ್ಪು ಸ್ಕ್ರೂ ಬಡಗಿಗಳ ಹತ್ತಿರ ಡಬ್ಬಿಗಟ್ಟಲೆ ಇರುತ್ತದಲ್ಲ, ಅದನ್ನೇ ತಂದೆ. ನಾಲ್ಕು ಇಂಚಿಗೆ ಒಂದರಂತೆ ಸುತ್ತಲೂ ಹೊಡೆದೆ. ತೂತು, ಸ್ಕ್ರೂ, ಮತ್ತೆ ತೂತು, ಮತ್ತೆ ಸ್ಕ್ರೂ. ತೂತಿನೊಳಗೆ ಏನೂ ಹಾಕಲಿಲ್ಲ. ಪ್ಲೈ ಕೊಯ್ದ ಅಂಚಿಗೂ ಏನೂ ಬಳಿಯಲಿಲ್ಲ, ಹೇಗೂ ಶೀಟಿನ ಒಳಗೆ ಹೋಗುತ್ತದಲ್ಲ ಅಂತ. ಕೊನೆಗೆ ಅಂಚಿಗೆಲ್ಲ ಸಿಲಿಕಾನ್ ಎಳೆದೆ. ಕೆಳಗಿನ ಅಂಚನ್ನೂ ಬಿಡಲಿಲ್ಲ.

ಏನಾಯ್ತು ನೋಡಿ. ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗುತ್ತದೆ. 8 ಅಡಿ ಶೀಟಿನ ಬಿಸಿ 40 ಡಿಗ್ರಿ ಏರಿದರೆ ಉದ್ದ ಹತ್ತಿರ ಹತ್ತಿರ 2 ಮಿ.ಮೀ. ಜಾಸ್ತಿ. ಪ್ಲೈ ಅಷ್ಟು ಹಿಗ್ಗುವುದಿಲ್ಲ. ದಿನಾ ಹಗಲು ಎಳೆದು ರಾತ್ರಿ ಬಿಟ್ಟರೆ ತೂತು ಸಡಿಲ ಆಗದೆ ಇರುತ್ತದಾ? ಕಪ್ಪು ಸ್ಕ್ರೂಗೆ ಇರುವ ಲೇಪ ಮನೆಯೊಳಗಿನ ಕೆಲಸಕ್ಕೆ ಮಾತ್ರ. ನಮ್ಮ ಉಪ್ಪುಗಾಳಿಗೆ ಮೊದಲ ಮಳೆಗಾಲದಲ್ಲೇ ಅದರ ತಲೆ ಕೆಂಪಾಯಿತು. ಮೇಲಿಂದ ಅಲ್ಯೂಮಿನಿಯಂ, ಕಬ್ಬಿಣ, ಉಪ್ಪುನೀರು ಮೂರೂ ಒಂದು ಕಡೆ ಸೇರಿದರೆ ಅದು ಬ್ಯಾಟರಿಯೇ. ಅಲ್ಯೂಮಿನಿಯಂ ತಾನು ಸವೆದುಕೊಳ್ಳುತ್ತದೆ. ಪ್ರತಿ ಸ್ಕ್ರೂ ಸುತ್ತ ರಂಗೋಲಿ ಪುಡಿಯ ಹಾಗೆ ಬಿಳಿ ಪುಡಿ ಕೂತಿತ್ತು. ನಾನು ಅದನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಸುಮ್ಮನಾದೆ.

ಮಳೆ ಮೇಲಿಂದ ಮಾತ್ರ ಬರುವುದಲ್ಲ ಅನ್ನುವುದೂ ಆಗ ಹೊಳೆಯಲಿಲ್ಲ. ಜುಲೈಯಲ್ಲಿ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋಗಿದ್ದೆ. ದಾರಿಯುದ್ದಕ್ಕೂ ಚಕ್ರ ಕೆಳಗಿಂದ ನೀರು ಹೊಡೆಯುತ್ತಲೇ ಇತ್ತು. ಒಳಗೆ ಹೋದ ನೀರಿಗೆ ಹೊರಗೆ ಬರಲು ನನ್ನ ಸಿಲಿಕಾನೇ ಅಡ್ಡ.

ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲ ಕೆಳಗೆ ಹೆಬ್ಬೆರಳು ಒತ್ತಿದೆ. ಶೀಟು ಒಳಗೆ ಹೋಯಿತು, ವಾಪಸ್ ಬರಲಿಲ್ಲ. ಬಿಚ್ಚಿ ನೋಡಿದರೆ ಪ್ಲೈ ನೆನೆದ ಅವಲಕ್ಕಿ. ತಮಾಷೆ ಏನೆಂದರೆ ಅಂಟು ಗಟ್ಟಿಯಾಗೇ ಇತ್ತು, ಅಂಟಿನ ನಡುವಿನ ಮರ ಹೋಗಿತ್ತು. ಬಿಡಬ್ಲ್ಯೂಆರ್ (ಕುದಿನೀರು ತಡೆಯುವ ದರ್ಜೆ), ಮರೀನ್ ಪ್ಲೈ ಅಂತ ದುಡ್ಡು ಕೊಟ್ಟಾಗ ನಮಗೆ ಮುಖ್ಯವಾಗಿ ಸಿಗುವುದು ನೀರಿಗೆ ಬಿಡದ ಅಂಟು. ಮರ ನೀರು ಕುಡಿಯುವುದನ್ನು ಅದು ತಡೆಯುವುದಿಲ್ಲ. ಶೀಟು, ಪ್ಲೈ ಸೇರಿ ಸುಮಾರು 30 ಸಾವಿರ ಗುಜರಿಗೆ.

ಬೈತಖೋಲದಲ್ಲಿ ದೋಣಿಗೆ ಫೈಬರ್ ಮಾಡುವವರೊಬ್ಬರಿಗೆ ಫೋಟೋ ತೋರಿಸಿದೆ. "ಎಷ್ಟು ಸ್ಕ್ರೂ ಹೊಡೆದಿ ತಮ್ಮಾ?" ಅಂದರು. ಇನ್ನೂರರ ಮೇಲೆ ಅಂದೆ. "ಹಾಗಾದ್ರೆ ಇನ್ನೂರು ತೂತು" ಅಂತ ಹೇಳಿ ಬೀಡಿ ಹಚ್ಚಿದರು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಯಾವ ಶೀಟು ಅನ್ನುವುದು ಆಮೇಲಿನ ಮಾತು. ಎಷ್ಟು ತೂತು, ಎಷ್ಟು ಜೋಡಣೆ ಅಂತ ಮೊದಲು ಎಣಿಸಿ. ಎಸಿಪಿ ಅಂಗಡಿ ಬೋರ್ಡಿಗೆ ಚಂದ. ಮಡಚುವ ಕಡೆ ಹಿಂದಿನಿಂದ ಕಾಲುವೆಯಂತೆ ಗೆರೆ ಕೊರೆದರೆ ಉಳಿಯುವುದು ಹೆಚ್ಚುಕಡಿಮೆ ಹೊರಗಿನ ತೆಳು ತಗಡು ಮಾತ್ರ. ನಮ್ಮ ರಸ್ತೆಯ ಕುಲುಕಾಟಕ್ಕೆ ಅದನ್ನು ನಾನಂತೂ ನಂಬುವುದಿಲ್ಲ. ಶಿರಸಿಯಲ್ಲಿ ಉಪ್ಪುಗಾಳಿ ಇಲ್ಲ ಅನ್ನಬಹುದು. ಆದರೆ ಟ್ರೇಲರ್ ಕಟ್ಟಿಕೊಂಡವರು ಗೋಕರ್ಣಕ್ಕೆ ಇಳಿಯದೆ ಇರುತ್ತೀರಾ?

ಫೈಬರ್ ಮಾಡಿ. 450 ಗ್ರಾಂ ಮ್ಯಾಟ್ (ಚದರ ಮೀಟರಿಗೆ ಅಷ್ಟು ತೂಗುವ ಗಾಜಿನ ನೂಲಿನ ಹಾಸು), ಎರಡು ಪದರ, ಪಾಲಿಯೆಸ್ಟರ್ ರೆಸಿನ್ ಸೇರಿ ಚದರ ಮೀಟರಿಗೆ 3 ಕೆಜಿ ಆಸುಪಾಸು. ಮೊದಲು ಪ್ಲೈ ಮೂಲೆಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿ. ಚೂಪು ಮೂಲೆಗೆ ಮ್ಯಾಟ್ ಕೂರುವುದಿಲ್ಲ, ಎದ್ದು ನಿಂತು ಒಳಗೆ ಗಾಳಿ ಉಳಿಯುತ್ತದೆ. ನಾನು ಸ್ಟೀಲ್ ಲೋಟ ಇಟ್ಟು ಅದರ ದುಂಡಿಗೆ ಅಳತೆ ನೋಡಿದ್ದೆ. ಮೊದಲ ಕೋಟ್ ತೆಳು ರೆಸಿನ್, ಅಂಚಿಗೆ ಎರಡು ಸಲ. 1 ಕೆಜಿ ರೆಸಿನ್‌ಗೆ ಹಾರ್ಡನರ್ 10ರಿಂದ 20 ಗ್ರಾಂ. ನಮ್ಮ ಸೆಕೆಗೆ ಕಡಿಮೆಯೇ ಸಾಕು, ಇಲ್ಲದಿದ್ದರೆ ಮಗ್ಗಿನಲ್ಲೇ ಗಟ್ಟಿಯಾಗಿ ಹೊಗೆ ಬರುತ್ತದೆ. ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಬೇರೆ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್‌ನಲ್ಲಿ ಕಲಸಿ, ಆಮೇಲೆ ಹಾರ್ಡನರ್. ಅವೆರಡನ್ನು ನೇರವಾಗಿ ಸೇರಿಸಿದರೆ ಬೆಂಕಿ, ಸ್ಫೋಟ ಎರಡೂ ಆಗಬಹುದು. ಉಜ್ಜುವಾಗ ಮಾಸ್ಕ್, ತುಂಬುತೋಳಿನ ಅಂಗಿ. ನಾನು ಬನಿಯನ್‌ನಲ್ಲಿ ಉಜ್ಜಿ ಮೂರು ದಿನ ಮೈ ಕೆರೆದುಕೊಂಡಿದ್ದೇನೆ.

ಹಿಡಿಕೆ, ಲೈಟು, ಕಿಟಕಿಗೆ ತೂತು ಬೇಕೇ ಬೇಕು. ಅಲ್ಲಿ ದೊಡ್ಡ ತೂತು ಕೊರೆದು ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸಣ್ಣ ತೂತು ಮಾಡಿ. ಸ್ಕ್ರೂ ಉಪ್ಪುನೀರಿಗೆ ತಡೆಯುವ 316 ಸ್ಟೇನ್‌ಲೆಸ್. ಸೀಲಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್. ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡ. ಅದು ಲೋಹವನ್ನು ತಿನ್ನುತ್ತದೆ, ಮೇಲೆ ಪೇಂಟೂ ನಿಲ್ಲುವುದಿಲ್ಲ.

ಫೈಬರ್ ಹೊದಿಸಿದ ನನ್ನ ಈಗಿನ ಪೆಟ್ಟಿಗೆಗೆ ಮೂರು ಮಳೆಗಾಲ ಆಯ್ತು. ಕಳೆದ ವರ್ಷ ತೆಂಗಿನ ಮಡಲು ಬಿದ್ದು ಒಂದು ಬಿರುಕು ಬಂತು, ಒಂದು ಮಧ್ಯಾಹ್ನದಲ್ಲಿ ತೇಪೆ ಹಾಕಿದೆ. ಮೇಲಿನ ಗಾಳಿಕಿಂಡಿ ಮಾತ್ರ ಇನ್ನೂ ಸೋರುತ್ತದೆ, ಕೆಳಗೆ ಆ ಲೋಟವನ್ನೇ ಇಡುತ್ತೇನೆ.

ಯಾವ ತಿಂಗಳಲ್ಲಿ ಕೆಲಸ ಹಿಡಿಯುತ್ತೀರಿ ಅಂತ ಬರೆದಿಲ್ಲ ನೀವು. ಮೇ ಅರ್ಧ ದಾಟಿದ್ದರೆ ಪೆಟ್ಟಿಗೆಯನ್ನು ಕೊಟ್ಟಿಗೆಗೆ ಸೇರಿಸಿ, ತಾಡಪಾಲು ಹೊದಿಸಿ ಬಿಟ್ಟುಬಿಡಿ. ಒದ್ದೆ ಪ್ಲೈ ಮೇಲೆ ರೆಸಿನ್ ಹಿಡಿಯುವುದಿಲ್ಲ. ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಅಷ್ಟರೊಳಗೆ ಆರ್‌ಟಿಒದಲ್ಲಿ ಟ್ರೇಲರ್ ನೋಂದಣಿ ಹೇಗೆ ಅಂತ ವಿಚಾರಿಸಿಕೊಂಡು ಬನ್ನಿ.