ದಿನಾ ವಾಕಿಂಗ್ ಮಾಡಿದರೆ ಹೆಂಗಸರಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ? ಮನೆಗೆಲಸವೇ ಸಾಲದೇ?

ಬರುತ್ತದೆ, ಆದರೆ ಕೆಲವು ವಾರ ಬಿಡದೆ ಮಾಡಬೇಕು. ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ ಬಿರುಸಿನ ನಡಿಗೆ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಸರಿಯಾದ ವೇಗ. ಹಾಸನದ ಮಹಾರಾಜ ಪಾರ್ಕಿನಲ್ಲಿ ಹರಟುತ್ತಾ ನಿಧಾನಕ್ಕೆ ಸುತ್ತು ಹಾಕಿದರೆ ಅಷ್ಟು ಫಲವಿಲ್ಲ. ಒಲೆ ಮುಂದೆ ನಿಂತೇ ಮಾಡುವ ಕೆಲಸವೂ ಹಾಗೆಯೇ: ಸೊಂಟ ನೋಯುತ್ತದೆ, ಎದೆಬಡಿತ ಏರುವುದಿಲ್ಲ.

ವ್ಯಾಯಾಮದಿಂದ ಬಿಸಿಯಾದ ಮೈ ಆಮೇಲೆ ತಣಿಯುವಾಗ ನಿದ್ದೆ ಹತ್ತಲು ಅನುಕೂಲ. ಹಾಗಾಗಿ ಓಟ, ಸ್ಕಿಪ್ಪಿಂಗ್‌ನಂಥವು ಮಲಗುವ ಒಂದೆರಡು ಗಂಟೆ ಮೊದಲೇ ಮುಗಿಯಲಿ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈಶಾಖ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿರುತ್ತದೆ. ಆಗ ಬೆಳಗಿನ ನಡಿಗೆಯೇ ವಾಸಿ.

ನಮ್ಮ ಕಡೆ ನಡಿಗೆ ಮುಗಿಸಿ ಸಂಜೆ ಆರಕ್ಕೆ ಗಟ್ಟಿ ಫಿಲ್ಟರ್ ಕಾಫಿ ಕುಡಿಯುತ್ತಾರೆ. ಅದರ ಕೆಫೀನ್‌ನಲ್ಲಿ ಅರ್ಧದಷ್ಟು ಹನ್ನೊಂದು ಗಂಟೆಗೂ ರಕ್ತದಲ್ಲಿರುತ್ತದೆ. ದಯವಿಟ್ಟು ಮಧ್ಯಾಹ್ನಕ್ಕೇ ಕಾಫಿ ನಿಲ್ಲಿಸಿ.

ಇಷ್ಟಾದರೂ ಹಾಸಿಗೆಯಲ್ಲಿ ಕಾಲು ಸೆಳೆದು, ಆಡಿಸುತ್ತಲೇ ಇರಬೇಕು ಅನಿಸಿದರೆ ಕಬ್ಬಿಣಾಂಶ ಕಡಿಮೆ ಇರಬಹುದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಲ್ಲಿ ಇದು ಸಾಮಾನ್ಯ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಶೇಖರವಾಗಿರುವ ಕಬ್ಬಿಣಾಂಶ ತೋರಿಸುವ) ರಕ್ತಪರೀಕ್ಷೆಯನ್ನೂ ಮಾಡಿಸಿ, ವೈದ್ಯರಿಗೆ ತೋರಿಸಿ.