ಪಲ್ಲವಿ ಹಾಗೇ ಇರಲಿ, ಚರಣ ತಿದ್ದಿ

ಪ್ರಿಯರೇ,

ಕಾಸರಗೋಡಿನಿಂದ ನೀವು ಕಳುಹಿಸಿದ ಚಂದ್ರಗಿರಿ ಹೊಳೆಯ ಹಾಡನ್ನು ಓದಿದೆವು, ಫೋನಿನಲ್ಲಿ ಹಾಡಿ ಕಳುಹಿಸಿದ್ದನ್ನೂ ಕೇಳಿದೆವು. ‘ಒಂದೇ ಸಲಕ್ಕೆ ಬಂತು, ಒಂದಕ್ಷರವನ್ನೂ ತಿದ್ದಿಲ್ಲ’ ಎಂದು ಬರೆದಿದ್ದೀರಿ. ಪಲ್ಲವಿಗೆ ಅದರಿಂದ ಒಳ್ಳೆಯದೇ ಆಗಿದೆ, ಚರಣಗಳು ಅದರಿಂದಲೇ ಕೆಟ್ಟಿವೆ. ಈಗಿರುವ ಹಾಗೆ ಹಾಡನ್ನು ತೆಗೆದುಕೊಳ್ಳಲಾರೆವು.

‘ಹೊಳೆಯ ಆಚೆ ನಿನ್ನ ಮನೆ / ಕಡವಿನಲ್ಲಿ ದೋಣಿ ಇಲ್ಲ’. ಮೂರು ಮಾತ್ರೆಯ ನಡೆ (ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು), ಸಾಲಿಗೆ ಮೂರು ಮಾತ್ರೆಯ ನಾಲ್ಕು ಗುಂಪು, ಅಂದರೆ ನಾಲ್ಕು ಗಣ. ಮೊದಲ ಸಾಲಿನ ಕೊನೆಗೆ ಒಂದು ಮಾತ್ರೆ ಕಡಿಮೆ. ಅಲ್ಲಿ ‘ನೆ’ಯನ್ನು ತುಸು ಎಳೆದಿದ್ದೀರಿ. ಎಣಿಸಿ ಕೂತರೆ ಹೀಗೆ ಬರುವುದಿಲ್ಲ, ಬಾಯಲ್ಲಿ ಹಾಡುತ್ತಾ ಹುಟ್ಟಿದ ಸಾಲು ಇದು. ದಯವಿಟ್ಟು ಮುಟ್ಟಬೇಡಿ. ಹೊಳೆಗೊಂದು ವಿಶೇಷಣ ಸೇರಿಸಿದರೂ ಆಡುಮಾತಿನ ಏರಿಳಿತ ಹೋಗುತ್ತದೆ.

ಚರಣದ ‘ನೆನಪುಗಳ ಮಧುರ ಸ್ಪಂದನ’ವನ್ನು ಅದೇ ತಾಳಕ್ಕೆ ಚಪ್ಪಾಳೆ ತಟ್ಟಿ ಹೇಳಿ ನೋಡಿ: ನೆನಪು, ಗಳಮ, ಧುರ. ಪೆಟ್ಟು ‘ಧು’ ಮೇಲೆ ಬಿದ್ದು ಪದ ತುಂಡಾಗುತ್ತದೆ. ‘ಸ್ಪ’ದ ಒತ್ತಕ್ಷರದಿಂದ ಹಿಂದಿನ ‘ರ’ ಗುರುವಾಗಿ, ಅಂದರೆ ಎರಡು ಮಾತ್ರೆಯದಾಗಿ, ಸಾಲು 12ರ ಬದಲು 13 ಮಾತ್ರೆಗೆ ಹೋಗುತ್ತದೆ. ಹಾಡುವಾಗ ಅಲ್ಲಿ ನೀವು ಅವಸರಪಟ್ಟದ್ದು ಅದಕ್ಕೇ. ಆಮೇಲೆ ಪ್ರಾಸಕ್ಕಾಗಿ ಬಂಧನ, ಚಂದನ ಬಂದಿವೆ. ದೋಣಿ ಹತ್ತುವ ಕಡವಿನಲ್ಲಿ ಚಂದನಕ್ಕೇನು ಕೆಲಸ? ನಿಮ್ಮದೇ ಸೀಮೆಯ ಮಂಜೇಶ್ವರ ಗೋವಿಂದ ಪೈಗಳು 1911ರಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದುವ ಪ್ರಾಸವನ್ನು, ಬಿಟ್ಟು ಬರೆದರು. ನಿಮ್ಮದು ಅಂತ್ಯಪ್ರಾಸ, ನಿಜ. ಆದರೆ ಅರ್ಥವನ್ನು ಎಳೆದಾಡುವ ಪ್ರಾಸ ಯಾವುದಾದರೂ ಬಿಡಬಹುದು. ‘ಮನೆ’ಗೂ ‘ಇಲ್ಲ’ಕ್ಕೂ ಪ್ರಾಸವಿಲ್ಲ, ಪಲ್ಲವಿಗೆ ಅದರಿಂದ ಏನೂ ಕೊರತೆಯಾಗಿಲ್ಲ.

ಇನ್ನೊಂದು ದೋಷ ಕಾಗದದ ಮೇಲೆ ಕಾಣುವುದಿಲ್ಲ, ಕಿವಿಗೆ ಮಾತ್ರ ಸಿಗುತ್ತದೆ. ‘ಹಳೆ ದೋಣಿ’ ಎಂಬಲ್ಲಿ ‘ಹ’ವನ್ನು ಎಳೆದು ಹಾಡಿದ್ದರಿಂದ ‘ಹಾಳೆ ದೋಣಿ’ ಎಂದು ಕೇಳುತ್ತದೆ. ‘ದೋಣಿ ಹಳತು’ ಎಂದು ತಿರುಗಿಸಿದರೆ ಉದ್ದದ ಸ್ವರ ‘ದೋ’ ಮೇಲೆ ಕೂರುತ್ತದೆ. ಹಾಗೆಯೇ ಎಲ್ಲಕ್ಕಿಂತ ಮೇಲಿನ ಸ್ವರವನ್ನು ‘ಬಂಧನ’ದ ‘ಬಂ’ ಮೇಲೆ ಇಟ್ಟಿದ್ದೀರಿ. ಅನುಸ್ವಾರಕ್ಕೆ ದನಿ ಮೂಗಿಗೆ ಹೋಗಿ ಕುಗ್ಗುತ್ತದೆ. ಆ ಜಾಗಕ್ಕೆ ಆ, ಓ, ಏ ಇರುವ ಪದ ಹುಡುಕಿ.

ನಾಲ್ಕು ಚರಣ ಬೇಡ, ಎರಡು ಸಾಕು. ಎಂಟೆಂಟು ಸಾಲಿನ ಚರಣವೆಂದರೆ ಪಲ್ಲವಿಗಾಗಿ 96 ಮಾತ್ರೆ ಕಾಯಬೇಕು. ನಾಲ್ಕು ಸಾಲಿಗಿಳಿಸಿ.

ಹೊಸ ಚರಣಕ್ಕೆ ಮೊದಲೇ ಪೆನ್ನು ಹಿಡಿಯಬೇಡಿ. ಪಲ್ಲವಿ ಹಾಡಿ, ನಿಲ್ಲಿಸದೆ ತನನ ಎಂದೋ ಬಾಯಿಗೆ ಬಂದ ಮಾತಿನಲ್ಲೋ ಮುಂದುವರಿಸಿ, ಎಲ್ಲವನ್ನೂ ರೆಕಾರ್ಡ್ ಮಾಡಿ. ಆಗ ತಿದ್ದಲು ಹೋದರೆ ಧಾಟಿ ಕಡಿಯುತ್ತದೆ. ಎರಡು ಮೂರು ದಿನ ಬಿಟ್ಟು ಕೇಳಿ, ಕಿವಿಯಲ್ಲಿ ನಿಂತ ತುಣುಕುಗಳನ್ನಷ್ಟೇ ಬರೆದುಕೊಳ್ಳಿ. ಮೊದಲು ತಾಳಕ್ಕೆ ತಿದ್ದಿ, ಅರ್ಥಕ್ಕೆ ತಿದ್ದುವುದು ಇನ್ನೊಂದು ದಿನ. ಎರಡೂ ಒಟ್ಟಿಗೆ ಮಾಡಿದರೆ ತಾಳ ತುಂಬಲು ಸಿಕ್ಕಿದ ಪದ ಸೇರಿಕೊಳ್ಳುತ್ತದೆ. ‘ಮಧುರ’ ಬಂದದ್ದು ಹಾಗೆಯೇ ಇರಬೇಕು. ತಿದ್ದಿದ ಸಾಲನ್ನು ಮೊದಲ ರೆಕಾರ್ಡಿಂಗಿನ ಪಕ್ಕ ಇಟ್ಟು ಹಾಡಿ. ಹೊಸದು ಬಾಯಿಗೆ ಕಷ್ಟವಾದರೆ ಹಳೆಯದಕ್ಕೇ ಹಿಂದಿರುಗಿ.

ಎರಡು ಚರಣ ಸಿದ್ಧವಾದ ಮೇಲೆ ಮೊದಲ ರೆಕಾರ್ಡಿಂಗನ್ನೂ ತಿದ್ದಿದ್ದನ್ನೂ ಒಟ್ಟಿಗೆ ಕಳುಹಿಸಿ.

ಸಂಪಾದಕರು